ಗ್ರಾಮಫೋನ್ ತಟ್ಟೆಯ ಎರಡನೇ ಬದಿ

2025ರ ಸೆಪ್ಟೆಂಬರ್ 15, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಮಾಲೀಕ ವೀರಪ್ಪ ಬೈಲಹೊಂಗಲ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಅವರ ಮನೆಯಿಂದ ಒಂದು ಗ್ರಾಮಫೋನ್ ತಟ್ಟೆ ಕಳುವಾಗಿತ್ತು. ಬೀಗ ಮುರಿದಿರಲಿಲ್ಲ, ಬೇರೇನೂ ಹೋಗಿರಲಿಲ್ಲ.

ಇನ್ಸ್‌ಪೆಕ್ಟರ್ ಕಾಂತೇಶ ದೂರನ್ನು ಎರಡು ಸಲ ಓದಿದರು.

"ಹಾಡಿನ ಪ್ಲೇಟೇನ್ರಿ?"

"ಹಾಡಲ್ರಿ ಸಾಹೇಬ್ರ. ಭಾಷಣ. ಯುದ್ಧದ ಭಾಷಣ."

ಮೂವತ್ತು ವರ್ಷಗಳಿಂದ ವೀರಪ್ಪ ಯುದ್ಧಕಾಲದ ರಾಜಕೀಯ ಭಾಷಣಗಳ ತಟ್ಟೆಗಳನ್ನಷ್ಟೇ ಕೂಡಿಡುತ್ತ ಬಂದಿದ್ದರು. ಎರಡನೇ ಮಹಾಯುದ್ಧಕ್ಕೆ ಸೈನ್ಯ ಸೇರಿರೆಂದು ಕರೆ ಕೊಟ್ಟವು, ಪ್ರಧಾನಿಗಳ ಮಾತು, ಪರದೇಶದ ನಾಯಕರ ಮಾತು. ಕಳುವಾದದ್ದು ಈ ಸೀಮೆಯದೇ. 1965ರ ಸೆಪ್ಟೆಂಬರ್‌ನಲ್ಲಿ ರಾಮದುರ್ಗದಲ್ಲಿ ರಕ್ಷಣಾ ನಿಧಿಗಾಗಿ ಸೇರಿದ್ದ ಸಭೆಯನ್ನು ಟೇಪಿನಲ್ಲಿ ಹಿಡಿದು, ಮುಂಬಯಿಯಲ್ಲಿ ತಟ್ಟೆ ಮಾಡಿಸಿ, ನಿಧಿಗಾಗಿ ಮಾರಿದ್ದರು. ಆಗಿನ ಮುಖಂಡರೊಬ್ಬರ ಭಾಷಣ ಮೊದಲ ಬದಿ ತುಂಬಿ ಎರಡನೆಯದಕ್ಕೂ ಹರಿದಿತ್ತು. ಕೊನೆಯಲ್ಲಿ ಸೈನಿಕನೊಬ್ಬನ ಹೊಸ ಹೆಂಡತಿ ಹೇಳಿದ ಒಡಪು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಣ್ಣುಮಕ್ಕಳು ಎರಡು ಸಾಲಿನ ಪ್ರಾಸದೊಳಗಿಟ್ಟು ಹೇಳುವ ಒಡಪು.

ಯುದ್ಧಕ್ಕೆ ಅರವತ್ತು ವರ್ಷ ತುಂಬಿದ ನೆನಪಿಗೆ ಇದೇ 23ರಂದು ರಾಮದುರ್ಗದಲ್ಲಿ ಸೈನಿಕರ ಮನೆಯವರಿಗೆ ಸನ್ಮಾನವಿತ್ತು. ಆ ವೇದಿಕೆಯ ಮೇಲೆ ತಟ್ಟೆ ನುಡಿಸಬೇಕಿತ್ತು. ವೀರಪ್ಪನವರಿಗೆ ಗೊತ್ತಿದ್ದ ಮಟ್ಟಿಗೆ ಉಳಿದಿದ್ದ ಪ್ರತಿ ಅದೊಂದೇ. ಅವರು ಮೊಬೈಲಿನಲ್ಲೂ ಅದನ್ನು ಹಿಡಿದಿಟ್ಟಿರಲಿಲ್ಲ. ನಕಲು ಹೊರಟರೆ ಅಸಲಿಗೆ ಬೆಲೆಯಿಲ್ಲ ಎಂಬುದು ಅವರ ಹಟ.

ವಾಸದ ಮನೆಯಲ್ಲಿ ಕಳ್ಳತನ ಎಂದು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಕೋಣೆಯ ಮೂರು ಗೋಡೆಗೂ ತಟ್ಟೆಗಳ ಕಪಾಟು. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಕೀಲಿ ಕೊಡುವ ಯಂತ್ರ. ಸಮಾರಂಭಕ್ಕೆಂದು ತೆಗೆದಿಟ್ಟಿದ್ದ ತಟ್ಟೆ ಅದರ ಪಕ್ಕದಲ್ಲಿತ್ತು. ಈಗ ಅಲ್ಲಿ ಕಾಗದದ ಹೊದಿಕೆ ಮಾತ್ರ ಇತ್ತು.

ಭಾನುವಾರ ಯಾರ್ಯಾರು ಬಂದಿದ್ದರು ಎಂದು ಕೇಳಿದಾಗ ವೀರಪ್ಪ ಪಡಸಾಲೆಯಲ್ಲಿ ಕುಳಿತೆದ್ದುಹೋದ ಮೂವರು ಗಂಡಸರ ಹೆಸರು ಹೇಳಿದರು. ಇಬ್ಬರು ಬೀಗರು. ಮೂರನೆಯವನು ಕಿತ್ತೂರಿನ ಶಟ್ಟೆಪ್ಪ, ಹಳೆಯ ಸಾಮಾನಿನ ವ್ಯಾಪಾರಿ. ಆ ತಟ್ಟೆಯನ್ನು ಕೊಡಿರೆಂದು ಮೊದಲಿನಿಂದ ಬೆನ್ನುಬಿದ್ದವನು.

ಕಾಂತೇಶ, ಹೆಡ್ ಕಾನ್‌ಸ್ಟೆಬಲ್ ಸಿದ್ದರಾಮ ಅಂದೇ ಸಂಜೆ ಕಿತ್ತೂರಿಗೆ ಹೋದರು. ಶಟ್ಟೆಪ್ಪ ಹಿತ್ತಾಳೆ ಹಂಡೆಯೊಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

"ಭಾನುವಾರ ವೀರಪ್ಪನವರ ಮನ್ಯಾಗ ಎಷ್ಟೊತ್ತು ಕುಂತಿದ್ದಿ?" ಎಂದರು ಕಾಂತೇಶ.

"ಒಂದು ಚಾ ಕುಡಿಯೋಷ್ಟೊತ್ತು. ಆ ಮನ್ಯಾಗ ಎರಡನೇ ಚಾ ಕೊಡೂದಿಲ್ರಿ."

"ಬರೇ ಹೊದಿಕಿ ಅಲ್ಲೈತಿ. ಪ್ಲೇಟ್ ಎಲ್ಲೈತಿ?"

ಶಟ್ಟೆಪ್ಪ ಕೈ ಒರೆಸಿಕೊಂಡ. "ನಾ ಕದ್ದಿದ್ರ ಹೊದಿಕಿ ಬಿಟ್ಟು ಬರತಿದ್ದೆನೇನ್ರಿ? ಹೊದಿಕಿ ಇಲ್ಲದ ಪ್ಲೇಟಿಗೆ ಅರ್ಧ ರೇಟು. ಬಾಜೂಕ ಪ್ರಧಾನಿ ಪ್ಲೇಟು ಇತ್ತಲ್ಲ, ಅದನ್ನೂ ಬಿಡತಿದ್ದಿಲ್ಲ. ಕಳುವು ಮಾಡಿದಾಂವಗ ಈ ಧಂದೆ ಗೊತ್ತಿಲ್ರಿ ಸಾಹೇಬ್ರ."

ಅಂಗಡಿ, ಅಟ್ಟ ಎರಡನ್ನೂ ಶೋಧಿಸಿದರು. ಏನೂ ಸಿಗಲಿಲ್ಲ. ಮರುದಿನ ಸಿದ್ದರಾಮ ಸವದತ್ತಿಗೆ ಹೋಗಿ, ಹಿಂದಿನ ವರ್ಷ ವೀರಪ್ಪನವರಿಗೆ ಆ ತಟ್ಟೆ ಮಾರಿದ ಗುಜರಿಯವನನ್ನು ವಿಚಾರಿಸಿದ. ಅಂಥದೊಂದನ್ನು ಮಾರಿದ್ದೇ ಅವನಿಗೆ ನೆನಪಿರಲಿಲ್ಲ.

ಬುಧವಾರ ಕಾಂತೇಶ ಮತ್ತೆ ವೀರಪ್ಪನವರ ಮನೆಗೆ ಹೋದರು. ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ಶೈಲಜಾ. ಇನ್ಸ್‌ಪೆಕ್ಟರ್ ಪಡಸಾಲೆಯಲ್ಲಿ ಅದೇ ಮೂವರ ಬಗ್ಗೆ ಕೇಳುತ್ತಿದ್ದಾಗ ಶೈಲಜಾ ಅಡುಗೆಮನೆಯಲ್ಲಿ ವೀರಪ್ಪನವರ ಹೆಂಡತಿ ಚನ್ನವ್ವನ ಎದುರು ಕುಳಿತಳು. ಹಿತ್ತಲ ಬಾಗಿಲು ಅಂದು ಯಾರಿಗೆ ತೆರೆದಿತ್ತು ಎಂದು ಆಕೆ ಕೇಳಿದ್ದು ಅಷ್ಟೇ.

ಸುರೇಬಾನದ ಸುಂದರವ್ವ ಬಂದಿದ್ದಳು. ಬಸ್ಸಿನಲ್ಲಿ ಬಂದು, ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ಮಾತನಾಡುವ ಯಂತ್ರ ತೋರಿಸೆಂದು ಕೇಳಿದ್ದಳು. ಚನ್ನವ್ವ ಆಕೆಯನ್ನು ಕೋಣೆಯಲ್ಲಿ ಬಿಟ್ಟು ಚಹಾಕ್ಕೆ ನೀರಿಡಲು ಹೋಗಿದ್ದಳು.

"ಇದನ್ನ ಮೊದಲ ಯಾಕ ಹೇಳಲಿಲ್ರಿ?" ಎಂದಳು ಶೈಲಜಾ.

"ಮನಿಗೆ ಯಾರು ಬಂದಿದ್ರಂತ ಗಂಡಸರನ್ನ ಕೇಳಿದ್ರು, ಗಂಡಸರು ಹೇಳಿದ್ರು. ಅಡಗಿಮನಿಗೆ ಬಂದಾಕಿನ್ನ ಬಂದಾಳಂತ ಯಾರು ಅಂತಾರವಾ?"

ಶೈಲಜಾ ಪಡಸಾಲೆಗೆ ಬಂದು ಆ ಹೆಸರು ಹೇಳುತ್ತಲೇ ವೀರಪ್ಪನವರ ಮುಖ ಬಿಳಿಚಿತು. ತಟ್ಟೆಯಲ್ಲಿದ್ದ ಹೆಣ್ಣುದನಿ ಸುಂದರವ್ವನದೇ. ತಿಂಗಳ ಮೊದಲಲ್ಲಿ ಅವರೇ ಸುರೇಬಾನಕ್ಕೆ ಹೋಗಿ ಸನ್ಮಾನಕ್ಕೆ ಕರೆದಿದ್ದರು. ತಟ್ಟೆ ನುಡಿಸುತ್ತೇವೆ, ಅದರ ಹಿಂದೆಯೇ ನೀವು ಅದೇ ಒಡಪು ಇನ್ನೊಮ್ಮೆ ಹೇಳಿರಿ ಎಂದಿದ್ದರು.

"ಬ್ಯಾಡ್ರಿ ಅಂದ್ಲು. ನಾಚಿಕಿ ಅಂದ್ಕೊಂಡೆ."

"ಏನೈತಿ ಒಡಪಿನ್ಯಾಗ?" ಎಂದರು ಕಾಂತೇಶ.

ವೀರಪ್ಪ ನೆಲ ನೋಡುತ್ತ ಹೇಳಿದರು. "ಬೆಳ್ಳಿ ತಾಟಿನ್ಯಾಗ ಕರ್ಪೂರ ಹಚ್ಚೇನಿ, ಲಕ್ಷ್ಮಣರಾಯರು ಗೆಲ್ಲದ ಬಂದ್ರ ಬಾಗಲಾ ಮುಚ್ಚೇನಿ."

"ಆಕೀ ಗಂಡ?"

"ಆ ಯುದ್ಧದಾಗ ಹೋದ್ರು. ಅದಕ್ಕ ಸನ್ಮಾನ."

ಗುರುವಾರ, 18ರಂದು, ರಾಮದುರ್ಗ ಠಾಣೆಗೆ ತಿಳಿಸಿ ತಂಡ ಸುರೇಬಾನಕ್ಕೆ ಹೋಯಿತು. ಎಪ್ಪತ್ತೇಳರ ಸುಂದರವ್ವ ಮೈದುನನ ಮಗ ಸುನೀಲನ ಮನೆಯಲ್ಲಿದ್ದಳು. ತಟ್ಟೆ ತಂದಿದ್ದೀರಾ ಎಂದು ಕಾಂತೇಶ ಕೇಳಿದರು. ತಂದಿದ್ದೇನೆ ಎಂದು ಒಪ್ಪಿಕೊಂಡಳು.

ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುತ್ತದೆ ಹೊಸ ಕಾನೂನು. ಶೈಲಜಾ ಮೊಬೈಲ್ ಎತ್ತಿ ಹಿಡಿದಳು.

"ಅದರಾಗ ದನೀನೂ ಹಿಡೀತೈತೇನವಾ?"

"ಹೂಂ ಆಯಿ, ಹಿಡೀತೈತಿ."

ಸುಂದರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಂದ ಮುಂದೆ ಒಂದು ಮಾತೂ ಬರಲಿಲ್ಲ. ಕೈಸನ್ನೆಯಿಂದಲೇ ಟ್ರಂಕು ತೋರಿಸಿದಳು. ದೊಡ್ಡವ್ವ, ಏನರ ಹೇಳು ಎಂದು ಸುನೀಲ ಎರಡು ಸಲ ಅಂದ. ತಟ್ಟೆ ಎರಡು ಹಳೆಯ ಇಳಕಲ್ಲ ಸೀರೆಗಳ ನಡುವೆ ಇತ್ತು. ಎಲ್ಲಿಯೂ ಬಿರುಕಿರಲಿಲ್ಲ. ಪಂಚರು ಸಹಿ ಹಾಕಿದರು. ಸಿದ್ದರಾಮ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು ಅರಗಿನ ಮೊಹರು ಹಾಕಿದ. ಬಂಧನದ ಕಾರಣವನ್ನು ಓದಿ ಹೇಳಿ, ಹೊತ್ತು ಮುಳುಗುವ ಮೊದಲೇ ಆಕೆಯನ್ನು ಬೈಲಹೊಂಗಲಕ್ಕೆ ಕರೆತಂದರು.

ಠಾಣೆಯಲ್ಲಿ ವೀರಪ್ಪ ಕಾಯುತ್ತಿದ್ದರು. ದೂರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದರು. ಎಫ್‌ಐಆರ್ ಆದಮೇಲೆ ಅದು ಕೋರ್ಟಿನ ಮಾತು ಎಂದರು ಕಾಂತೇಶ.

ಶೈಲಜಾ ಮೊಬೈಲನ್ನು ಡ್ರಾವರಿನೊಳಗೆ ಹಾಕಿದ್ದನ್ನು ನೋಡಿದ ಮೇಲೆ ಸುಂದರವ್ವ ಬಾಯಿಬಿಟ್ಟಳು. ಲಕ್ಷ್ಮಣ ರಜೆಯ ಮೇಲೆ ಊರಿಗೆ ಬಂದು ಚಳಿಜ್ವರ ಹಿಡಿದು ಮಲಗಿದ್ದ. ಹದಿನೈದು ದಿನ ಏಳಬೇಡ ಎಂದು ರಾಮದುರ್ಗದ ಡಾಕ್ಟರು ಪಲ್ಟಣಿಗೆ ಬರೆದುಕೊಟ್ಟಿದ್ದರು. ಸಭೆಗೆ ಇಬ್ಬರನ್ನೂ ಗಾಡಿಯಲ್ಲಿ ಕರೆದೊಯ್ದವರು ಮುಖಂಡರ ಕಡೆಯವರು. ಒಡಪು ಕಟ್ಟಿದವರೂ ಅವರೇ. ಅಂದು ಮಧ್ಯಾಹ್ನ ಆಕೆಯಿಂದ ಬಾಯಿಪಾಠ ಮಾಡಿಸಿದ್ದರು. ಮೂರನೆಯ ದಿನ ಗಂಡ ಜ್ವರದ ಮೈಯಲ್ಲೇ ಹೊರಟ.

"ಅಷ್ಟು ಮಂದಿ ಮುಂದ ಹೇಳೀದಿ, ಇನ್ನ ಹೆಂಗ ಮಲಗಲಿ ಅಂದ್ರು. ಚಾಷ್ಟಿಗೆ ಹೇಳಿದ್ದು ಅಂದೆ. ಕೇಳಲಿಲ್ಲ." ಸುಂದರವ್ವ ಬೆರಳು ಮಡಚಿ ಎಣಿಸಿದಳು. "ಆ ಹದಿನೈದು ದಿನದಾಗ ಲಡಾಯಿ ಮುಗೀತ್ರಿ."

ಕಾಂತೇಶ ಕೇಳಿದರು. "ಮಂದಿ ಕೇಳಬಾರದು ಅಂತಿದ್ರ ಒಡೀಬೇಕಿತ್ತು. ಯಾಕ ಇಟ್ಟಿರಿ?"

"ಒಡೀಲಿಕ್ಕೇ ತಂದಿದ್ದೆ. ಕಲ್ಲು ಕೈಯಾಗ ಹಿಡಿದಿದ್ದೆ. ಆಗ ನೆನಪಾತು, ನಾ ಹೇಳಿದ ಕೂಡ್ಲೆ ನಮ್ಮನಿಯವರು ನಕ್ಕಿದ್ರು. ಮೈಕಿನ ಬಾಜೂಕ ನಿಂತಿದ್ರು. ಅದೂ ಅದರಾಗ ಇರಬೇಕಲ್ರೀ."

ವೀರಪ್ಪ ಮೆಲ್ಲಗೆ, ಅದೈತಿ ಎಂದರು. ಒಡಪು ಮುಗಿದು ಚಪ್ಪಾಳೆ ಏಳುವ ಮೊದಲು ಒಬ್ಬ ಗಂಡಸಿನ ನಗು ಕೇಳುತ್ತದೆ. ಅದು ಮುಖಂಡರದು ಎಂದೇ ಅವರು ತಿಳಿದಿದ್ದರು.

ಸುಂದರವ್ವ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಒಮ್ಮೆ ಹಚ್ಚಾಕ ಬರತೈತೇನ್ರಿ? ನಾ ಹೇಳಿದ್ದು ಬ್ಯಾಡ. ಅವರು ನಕ್ಕಿದ್ದಷ್ಟ."

ಯಂತ್ರ ಎರಡು ಓಣಿಯಾಚೆ ಇತ್ತು. ತರುತ್ತೇನೆ ಎಂದು ವೀರಪ್ಪ ಆಗಲೇ ಎದ್ದಿದ್ದರು. ಕಾಂತೇಶ ಮೇಜಿನ ಮೇಲಿದ್ದ ಪೊಟ್ಟಣವನ್ನು ಹತ್ತಿರ ಎಳೆದುಕೊಂಡು ಮೊಹರಿನ ಮೇಲೆ ಹೆಬ್ಬೆರಳಿಟ್ಟರು. ಅರಗು ಒಣಗಿ ಗಟ್ಟಿಯಾಗಿತ್ತು.

"ಇನ್ನ ಕೋರ್ಟ್ ಹೇಳಿದ ಮ್ಯಾಲೆನ ಇದನ್ನ ಬಿಚ್ಚಬೇಕು, ಆಯಿ."

ಎಷ್ಟು ವರ್ಷವಾಗಬಹುದು ಎಂದು ಆಕೆ ಕೇಳಲಿಲ್ಲ.