ಗಂಟಲು ನೋವಿನ ನೆಪ

ಗಾಂಧಿ ಬಜಾರಿನ ಮೆಡಿಕಲ್ ಶಾಪಿಗೆ ಆ ಬೆಳಿಗ್ಗೆ ಬಂದ ಆಂಡಾಳಮ್ಮನ ಕೈಯಲ್ಲಿ ಆಸ್ಪತ್ರೆಯ ಚೀಟಿಯಿತ್ತು. ಮಗ ಅಭಿರಾಮನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ, ಹೊಲಿಗೆ ಕೀವುಗಟ್ಟಿ, ಈಗ ರಕ್ತಕ್ಕೂ ನಂಜೇರಿತ್ತು. ಬರೆದುಕೊಟ್ಟ ಇಂಜೆಕ್ಷನ್ ಎಲ್ಲೂ ಸಿಗುತ್ತಿರಲಿಲ್ಲ. ಕೊರೋನಾ ಊರಿನ ಅಂಗಡಿಗಳನ್ನೆಲ್ಲ ಖಾಲಿ ಮಾಡಿತ್ತು.

"ಯಾವ ಔಷಧಿಗೂ ಜಗ್ತಿಲ್ವಂತಮ್ಮ. ಮುಂಚೆ ಏನೇನು ಆ್ಯಂಟಿಬಯೋಟಿಕ್ ತಗೊಂಡಿದ್ದ ಅಂತ ಡಾಕ್ಟರ್ ಕೇಳ್ತಾರೆ. ನಮ್ಮ ಹುಡುಗಂಗೆ ಒಂದು ನೆಗಡಿನೂ ಬಂದಿದ್ದಿಲ್ಲ," ಎಂದರು ಆಕೆ.

ಕೌಂಟರಿನ ಹಿಂದಿದ್ದ ಮಹಾನಂದ ಚೀಟಿಯ ಮೇಲಿದ್ದ ಹೆಸರನ್ನು ಮತ್ತೊಮ್ಮೆ ಓದಿದಳು. ಅದೇ ಅಭಿರಾಮ.

ಹಾಗಾದರೆ ವಾರ ಬಿಟ್ಟು ವಾರ ಗಂಟಲು ನೋವು ಎಂದು ಬರುತ್ತಿದ್ದವನು ಯಾರು? ಆ ಮಾತು ಕಿವಿಗೆ ಬಿದ್ದರೆ ಸಾಕು, ಕ್ಯೂನಲ್ಲಿದ್ದವರೆಲ್ಲ ದೂರ ಸರಿಯುತ್ತಿದ್ದರು. ಕೌಂಟರಿನೆದುರು ಅವನೊಬ್ಬನೇ ಉಳಿಯುತ್ತಿದ್ದ. ಕಳ್ಳ, ಅವನಿಗೆ ಬೇಕಾಗಿದ್ದೂ ಅದೇ. ಮಾಸ್ಕಿನ ಮೇಲೆ ಆ ಕಣ್ಣುಗಳು ನಗುತ್ತಿದ್ದವು. ಅವಳು ಡಾಕ್ಟರ ಚೀಟಿ ಕೇಳದೆ ಆ್ಯಂಟಿಬಯೋಟಿಕ್ ಮಾತ್ರೆ ಕೊಡುತ್ತಿದ್ದಳು; ವಾಸಿಯಾಗಲಿಲ್ಲ ಎಂದರೆ ಇನ್ನೂ ಜೋರಾದದ್ದು. ತನ್ನೆದುರೇ ನುಂಗಬೇಕೆಂದು ನೀರಿನ ಬಾಟಲಿಯನ್ನೂ ಚಾಚುತ್ತಿದ್ದಳು, ಅವನು ಮಾಸ್ಕ್ ಇಳಿಸಿದಾಗ ಮುಖ ನೋಡುವ ಆಸೆಗೆ.

ಶಟರ್ ಎಳೆದು ಆಂಡಾಳಮ್ಮನ ಜೊತೆ ಆಟೋ ಹತ್ತಿದಳು. ದಾರಿಯಲ್ಲೇ ಎಲ್ಲವನ್ನೂ ಹೇಳಿದಳು. ಆಕೆ ಮುಖ ತಿರುಗಿಸಿದವರು ವಿಶ್ವೇಶ್ವರಪುರಂ ದಾಟಿದರೂ ಇತ್ತ ನೋಡಲಿಲ್ಲ.

ಕೊಟ್ಟ ಒಂದೊಂದು ಮಾತ್ರೆಯ ಹೆಸರನ್ನೂ ಮಹಾನಂದ ಡಾಕ್ಟರ ಮುಂದೆ ನೆನಪಿನಿಂದ ಹೇಳಿದಳು. ಹಾಗಾದರೆ ಅವನ ಮೈಯೊಳಗಿನ ರೋಗಾಣುಗಳು ಅವಕ್ಕೆಲ್ಲ ಒಗ್ಗಿಹೋಗಿವೆ, ಚೀಟಿಯಲ್ಲಿ ಬರೆದದ್ದು ಸಿಕ್ಕರೂ ನಾಟುವುದಿಲ್ಲ, ಅದನ್ನು ಹುಡುಕಿ ಹೊತ್ತು ಕಳೆಯಬೇಡಿ ಎಂದರು ಅವರು. ಉಳಿದಿದ್ದು ಒಂದೇ ಔಷಧಿ. ಅದು ಕಿಡ್ನಿಯನ್ನೇ ಕೆಡಿಸಬಹುದು, ಆದರೂ ಈಗಲೇ ಶುರು ಮಾಡಬೇಕು.

ಅಭಿರಾಮನಿದ್ದ ಐಸಿಯುವಿನ ಒಳಗೆ ಒಬ್ಬರು ಮಾತ್ರ ಹೋಗಬಹುದಿತ್ತು.

"ನಿನ್ನ ನೋಡೋಕೆ ತಾನೆ ಇಷ್ಟೆಲ್ಲ ಮಾಡ್ಕೊಂಡಿದ್ದು," ಎಂದರು ಆಂಡಾಳಮ್ಮ, ಸಿಟ್ಟಿನಲ್ಲೇ. "ಹೋಗು, ನೋಡ್ಲಿ."

ಗೌನು, ಗ್ಲೌಸು, ಮಾಸ್ಕು ತೊಟ್ಟ ಅವಳನ್ನು ಅಭಿರಾಮ ಕಣ್ಣಿನಿಂದಲೇ ಗುರುತಿಸಿದ.

"ಗಂಟಲು ನೋವಿರ್ಲಿಲ್ಲ," ಎಂದ ಕ್ಷೀಣವಾಗಿ.

"ಗೊತ್ತಾಯ್ತು."

"ಇನ್ಮೇಲೆ ಏನು ನೆಪ ಹೇಳ್ಕೊಂಡು ಬರ್ಲಿ?"

ಅವಳಿಗೆ ಅಳು ಒತ್ತರಿಸಿ ಬಂತು. "ಏನೂ ಬೇಡ. ಸುಮ್ನೆ ಬಂದು ನಿಂತ್ಕೊಳ್ಳಿ. ನಾನು ಕಾಯ್ತಿರ್ತೀನಿ."

"ನಿಮ್ಮ ಮುಖ ನಾನು ನೋಡೇ ಇಲ್ಲ. ಒಂದ್ಸಲ ತೋರ್ಸಿ."

ಅವಳ ಕೈ ಮಾಸ್ಕಿನವರೆಗೆ ಹೋಯಿತು. ನರ್ಸ್ ಬೇಡವೆಂದು ತಲೆಯಾಡಿಸಿದರು. ಅವನು ಕೇಳಿದ್ದನ್ನೆಲ್ಲ ಕೊಟ್ಟು ಅಭ್ಯಾಸವಾಗಿದ್ದ ಕೈ ಅದು. ಈ ಸಲ ಕೆಳಗಿಳಿಯಿತು.

ಅವಳು ಹೊರಗೆ ಬಂದಳು. ಗ್ಲೌಸು, ಗೌನು ಬಿಚ್ಚಿ ಡಬ್ಬಕ್ಕೆ ಹಾಕಿದಳು, ಕೈ ತೊಳೆದಳು. ಮುಚ್ಚಿದ ಗಾಜಿನ ಬಾಗಿಲಿನಾಚೆ ನಿಂತು ಮಾಸ್ಕ್ ಇಳಿಸಿದಳು. ಅತ್ತು ಕೆಂಪಾದ ಮೂಗು, ಒದ್ದೆ ಗಲ್ಲ, ಎಲ್ಲವೂ ಅವನಿಗೆ ಕಾಣುವಂತಿತ್ತು. ಒಳಗೆ ಆ ಕೊನೆಯ ಔಷಧಿ ಹನಿಹನಿಯಾಗಿ ಇಳಿಯತೊಡಗಿತ್ತು. ಅವನು ಕಣ್ಣು ಮುಚ್ಚದೆ ನೋಡುತ್ತಿದ್ದ. ನೋಡುತ್ತಿರುವಷ್ಟು ಹೊತ್ತೂ ಅವಳು ಅಲ್ಲಿಂದ ಕದಲಲಿಲ್ಲ.