ಕೂಗುವ ಇಟ್ಟಿಗೆ

"ಇದ್ಯಾಕೆ ಕೂಗ್ತಿಲ್ಲ?" ಎಂದು ಅಬ್ಬಾ ಮೂರನೇ ಸಲ ಕೇಳಿದರು.

ಕೇಳಿದ್ದು ಸಿದ್ರಾಳನ್ನಲ್ಲ, ಮೇಜಿನ ಮೇಲಿದ್ದ ಕಬ್ಬಿಣದ ಡಬ್ಬವನ್ನು. ಆದರೂ ಸಿದ್ರಾ ಒಂದು ಹೆಜ್ಜೆ ಹಿಂದೆ ಸರಿದಳು. ಅಬ್ಬಾ ಸ್ವಿಚ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಡಬ್ಬದ ಹಸಿರು ದೀಪ ಮಿಣಮಿಣ ಎಂದಿತು, ಅಷ್ಟೆ. ಒಳಗಿನ ಫ್ಯಾನ್ ಮಾತ್ರ ತುಟಿ ಪಿಟಕ್ ಎನ್ನಲಿಲ್ಲ.

"ಧೂಳೆಲ್ಲ ತೆಗ್ದೆ. ಫ್ಯಾನಿಗೆ ಎಣ್ಣೆ ಬಿಟ್ಟೆ. ಫ್ಯೂಸ್ ಸರಿಯಾಗೇ ಇದೆ. ಇನ್ನೇನಮ್ಮ ರೋಗ ಇದಕ್ಕೆ?"

"ಗೊತ್ತಿಲ್ಲ ಅಬ್ಬಾ," ಎಂದಳು ಸಿದ್ರಾ, ಕಾಲಿನ ಹೆಬ್ಬೆರಳು ನೋಡುತ್ತಾ.

ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ರೋಗ ಅವಳ ಯೂನಿಫಾರ್ಮಿನ ಜೇಬಿನಲ್ಲೇ ಇತ್ತು.

ಸಿದ್ರಾಳ ಅಬ್ಬಾ ಮಸ್ತಾನ್ ಭಾಯ್ ಅಂದರೆ ಹೊಸಕೋಟೆಯಲ್ಲಿ ಮಿಕ್ಸಿ, ಯುಪಿಎಸ್, ಟಿವಿ ಕೆಟ್ಟವರೆಲ್ಲ ಹುಡುಕಿಕೊಂಡು ಬರುವ ಮನುಷ್ಯ. ಮುಂದೆ ಅಂಗಡಿ, ನಡುವೆ ಒಂದು ಹೂವಿನ ಪರದೆ, ಹಿಂದೆ ಮನೆ. ಪರದೆಯ ಆಚೆ ದಖ್ಖನಿ ಉರ್ದು, ಈಚೆ ಕನ್ನಡ ಎಂಬುದು ಅಬ್ಬಾ ಮಾಡಿದ ರೂಲು. ಬಂದ ಗಿರಾಕಿಗೆ ನಮ್ಮ ಮಾತು ಅರ್ಥವಾಗದಿದ್ದರೆ ಅವನು ನಮ್ಮನ್ನು ಹೇಗೆ ನಂಬುತ್ತಾನೆ, ಎನ್ನುತ್ತಿದ್ದರು ಅವರು.

ಎರಡು ವರ್ಷದಿಂದ ಅಂಗಡಿಗೆ ಒಂದು ಹೊಸ ಕೆಲಸ ಬಂದಿತ್ತು. ಬೆಂಗಳೂರಿನ ಕಂಪನಿಗಳಲ್ಲಿ ಸರ್ವರ್ ಎಂಬ ದೊಡ್ಡ ಕಂಪ್ಯೂಟರುಗಳಿರುತ್ತವೆ. ಅವು ಹಳೆಯದಾದರೆ ಗುಜರಿಗೆ ಹೋಗುತ್ತವೆ. ಆದರೆ ಅವುಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ ಇದೆಯಲ್ಲ, ಅದು ಗಟ್ಟಿ ಜೀವ. ಸರ್ವರ್ ಸತ್ತರೂ ಅದು ಸಾಯುವುದಿಲ್ಲ. ನೋಡಲು ಉದ್ದದ ಇಟ್ಟಿಗೆಯ ಹಾಗೆ, ಎತ್ತಿದರೆ ಇಟ್ಟಿಗೆಗಿಂತ ಒಂದು ತೂಕ ಹೆಚ್ಚು. ಸಿದ್ರಾ ಮತ್ತು ಅವಳ ಅಕ್ಕ ದಿಲ್ಶಾದ್ ಅದನ್ನು ಇಟ್ಟಿಗೆ ಎಂದೇ ಕರೆಯುತ್ತಿದ್ದರು.

ಈ ಇಟ್ಟಿಗೆಗಳು ಬೇಕಾಗಿದ್ದುದು ಬೂದಿಗೆರೆಯ ಅಂಜನ್ ಅಣ್ಣನಂಥವರಿಗೆ. ಅವರ ಮನೆಯಲ್ಲಿ ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಒಂದು ಕೋಣೆ ಇತ್ತು. ಈಗ ಅಲ್ಲಿ ಹುಳುವಿನ ಸ್ಟ್ಯಾಂಡಿನ ಮೇಲೆ ಕಂಪ್ಯೂಟರಿನ ಆರು ಗ್ರಾಫಿಕ್ಸ್ ಕಾರ್ಡುಗಳು ಸಾಲಾಗಿ ಕುಳಿತು ಹಗಲೂ ರಾತ್ರಿ ಲೆಕ್ಕ ಮಾಡುತ್ತಿದ್ದವು. ಲೆಕ್ಕ ಮಾಡಿದ್ದಕ್ಕೆ ಇಂಟರ್ನೆಟ್ಟಿನಲ್ಲಿ ಒಂಥರಾ ನಾಣ್ಯ ಸಿಗುತ್ತದಂತೆ. ಅದಕ್ಕೆ ಮೈನಿಂಗ್ ಎನ್ನುತ್ತಾರಂತೆ. "ಅಗೆಯೋಕೆ ಮಣ್ಣಿಲ್ಲ, ಸಿಕ್ಕಿದ್ದು ಕೈಗೆ ಬರಲ್ಲ, ಇದೆಂಥ ಗಣಿ!" ಎಂದು ಅಮ್ಮಿ ನಗುತ್ತಿದ್ದಳು. ಆದರೆ ಆ ಕಾರ್ಡುಗಳು ಮಹಾ ಹೊಟ್ಟೆಬಾಕಗಳು. ಮಾಮೂಲಿ ಕಂಪ್ಯೂಟರಿನ ಡಬ್ಬ ಕೊಡುವ ಕರೆಂಟ್ ಅವುಗಳ ಹಲ್ಲಿನ ಸಂದಿಗೂ ಸಾಲದು. ಸರ್ವರಿನ ಇಟ್ಟಿಗೆಯೇ ಬೇಕು.

ಇಟ್ಟಿಗೆಯದು ಒಂದೇ ತಕರಾರು. ಸರ್ವರಿನ ಒಳಗಿದ್ದಾಗ 'ಏಳು' ಎಂದು ಹೇಳಲು ಸರ್ವರ್ ಇರುತ್ತದೆ. ಹೊರಗೆ ತಂದು ಪ್ಲಗ್ ಚುಚ್ಚಿದರೆ ಸುಮ್ಮನೆ ಹಸಿರು ದೀಪ ಮಿಣುಕಿಸುತ್ತಾ ಮಲಗಿರುತ್ತದೆ. ಅದರ ಬಾಲದಲ್ಲಿರುವ ಹತ್ತಾರು ಪಿನ್ನುಗಳಲ್ಲಿ ಸರಿಯಾದ ಎರಡನ್ನು ಹುಡುಕಿ, ನಡುವೆ ಒಂದು ಪುಟ್ಟ ರೆಸಿಸ್ಟರ್ ಕೂರಿಸಬೇಕು. ಆಗ ಏಳುತ್ತದೆ. ಎದ್ದ ಕೂಡಲೇ ಅದರ ಫ್ಯಾನ್ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ.

ಆ ಎರಡು ಪಿನ್ನುಗಳನ್ನು ಹುಡುಕಿದವಳು ದಿಲ್ಶಾದ್ ಆಪಾ. ಡಿಪ್ಲೊಮಾ ಓದಿದ್ದಳು. ಇಟ್ಟಿಗೆಯ ಹಿಂದೆ, ಬಾಲದ ಪಿನ್ನುಗಳಿಗೆ ಸಿಕ್ಕಿಸುವ ಹಸಿರು ಬೋರ್ಡಿನ ಕೆಲಸವೆಲ್ಲ ಅವಳದೇ; ಅಬ್ಬಾ ಅದನ್ನು ಮುಟ್ಟುತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಎರಡು ತೂತಿನ ಸಾಕೆಟ್ ಕೂರಿಸಿ, ಅದರಲ್ಲಿ ಅಕ್ಕಿಕಾಳಿನಷ್ಟು ರೆಸಿಸ್ಟರ್ ಸಿಕ್ಕಿಸಿ, ಅಲುಗಾಡದಿರಲಿ ಎಂದು ಮೇಲೆ ಒಂದು ಹನಿ ಕೆಂಪು ನೇಲ್ ಪಾಲಿಶ್ ಬಿಡುತ್ತಿದ್ದಳು. ಅದಕ್ಕೆ ಅವರಿಬ್ಬರೂ ಇಟ್ಟ ಹೆಸರು 'ಎಬ್ಬಿಸೋ ಕಾಳು'.

ಶನಿವಾರ ಸ್ಕೂಲು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅಬ್ಬಾ ನಮಾಜಿಗೆ ಹೋದಾಗ ಅಕ್ಕ ತಂಗಿ ಇಟ್ಟಿಗೆಗಳನ್ನು ಒಂದೊಂದಾಗಿ ಟೆಸ್ಟ್ ಮಾಡುತ್ತಿದ್ದರು. ಫ್ಯಾನ್ ಕೂಗತೊಡಗಿದರೆ ಪರದೆಯ ಆಚೆ ಇರುವ ಅಮ್ಮಿಗೆ ಏನೂ ಕೇಳಿಸುತ್ತಿರಲಿಲ್ಲ. ಗುಟ್ಟು ಹೇಳಲು ಅದೇ ಒಳ್ಳೆಯ ಸಮಯ. ಗಣಿತದಲ್ಲಿ ಎಂಟೇ ಮಾರ್ಕ್ಸ್ ಬಂದಿದ್ದನ್ನು ಸಿದ್ರಾ ಹೇಳಿದ್ದು ಇಟ್ಟಿಗೆಯ ಕೂಗಿನಲ್ಲೇ. ತನಗೆ ಗಂಡು ಗೊತ್ತಾಗಿದೆ, ಹುಡುಗ ಚಿಂತಾಮಣಿಯವನು ಎಂದು ಆಪಾ ಹೇಳಿದ್ದೂ ಆ ಕೂಗಿನಲ್ಲೇ.

ಮದುವೆಯಾಯಿತು. ಮದುವೆಯಾದ ಮೇಲೆ ಐದು ಶುಕ್ರವಾರ ಮಗಳು ಅಳಿಯನನ್ನು ತವರಿಗೆ ಊಟಕ್ಕೆ ಕರೆಯುವ ಪದ್ಧತಿ ಇದೆ. ಅದಕ್ಕೆ ಜುಮಗಿ ಅಂತ ಹೆಸರು. ಐದು ಶುಕ್ರವಾರವೂ ಆಪಾ ಬಂದಳು. ಬಿರಿಯಾನಿ ಆಯಿತು, ಖೀರು ಆಯಿತು, ನಗು ಆಯಿತು. ಐದನೆಯದು ಮುಗಿಸಿ ಹೊರಟಾಗ ಅವಳು ಹಿಂದೆ ತಿರುಗಿ ತಿರುಗಿ ನೋಡಿದಳು.

ನಿನ್ನೆ ಆರನೇ ಶುಕ್ರವಾರ. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದರೂ ಸಿದ್ರಾ ಸ್ಕೂಲಿಂದ ಓಡಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಚಿಂತಾಮಣಿ ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ಸಂಜೆಯ ಮಗ್ರಿಬ್ ಆಜಾನ್ ಆಗುವ ತನಕ ಕುಳಿತಿದ್ದಳು.

ಇವತ್ತು ಬೆಳಿಗ್ಗೆ ಅಂಜನ್ ಅಣ್ಣ ಈ ಇಟ್ಟಿಗೆ ತಂದಿದ್ದ. ಹುಳುಮನೆಯ ಹಳೇ ಸುಣ್ಣದ ಪುಡಿ ಫ್ಯಾನಿಗೆ ಮೆತ್ತಿ ಅದು ನಿಂತುಹೋಗಿತ್ತು. ಅಬ್ಬಾ ಕ್ಲೀನ್ ಮಾಡಿ, ಇನ್ನೂ ಟೆಸ್ಟ್ ಮಾಡದೆ, ಮಧ್ಯಾಹ್ನ ಮಸೀದಿಗೆ ಹೋದರು. ಆಗ ಸಿದ್ರಾಳಿಗೆ ಒಂದು ಯೋಚನೆ ಹೊಳೆಯಿತು. ಹೊಳೆಯಬಾರದಿತ್ತು, ಆದರೆ ಹೊಳೆಯಿತು. ಇಟ್ಟಿಗೆ ಏಳದಿದ್ದರೆ ಅಬ್ಬಾ ಆಪಾಳನ್ನು ಕರೆಸಲೇಬೇಕಲ್ಲ! ಪ್ಲಗ್ ತೆಗೆದಿದೆಯೇ ಎಂದು ಎರಡು ಸಲ ನೋಡಿ, ಚಿಮಟದಿಂದ ನೇಲ್ ಪಾಲಿಶ್ ಕೆರೆದು, ಎಬ್ಬಿಸೋ ಕಾಳನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

ಈಗ ನಾಲ್ಕು ಗಂಟೆ. ಅಂಜನ್ ಅಣ್ಣನ ಫೋನ್ ಬಂತು.

"ಮಸ್ತಾನ್ ಭಾಯ್, ಆಯ್ತಾ? ಇಲ್ಲ ಅಂದ್ರೆ ಹೇಳಿ, ಬೆಂಗಳೂರಲ್ಲೇ ಹೊಸದು ತಗೊಂಡ್ಬಿಡ್ತೀನಿ. ಮುಂದಿನ ವಾರದ ಹತ್ತು ಪೀಸೂ ಅಲ್ಲೇ ಹೇಳ್ಬಿಡ್ಲಾ ಅಂತ."

"ಸಂಜೆ ಆರಕ್ಕೆ ಬಾರಪ್ಪ. ರೆಡಿ ಇರುತ್ತೆ," ಎಂದರು ಅಬ್ಬಾ.

ಫೋನ್ ಇಟ್ಟವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹಾಕಿಕೊಂಡು ಮತ್ತೆ ಬಗ್ಗಿದರು. ಅವರ ಮೂಗು ಇಟ್ಟಿಗೆಗೆ ತಾಕುವಂತಿತ್ತು.

"ಇಪ್ಪತ್ತೆಂಟು ವರ್ಷ ಆಯ್ತು ಬೇಟಾ ಈ ಕೆಲ್ಸ ಹಿಡ್ದು," ಎಂದರು ಮೆಲ್ಲಗೆ. "ಯಾವತ್ತೂ ಹಿಂಗಾಗಿರ್ಲಿಲ್ಲ. ಏನೋ ತಪ್ಪು ಮಾಡಿದೀನಿ, ನಂಗೇ ಕಾಣಿಸ್ತಿಲ್ಲ. ಕಣ್ಣು ಹೋಯ್ತು ಅನ್ಸುತ್ತೆ. ಇನ್ನು ಅಂಗಡಿ ಬಾಗಿಲು ಹಾಕೋದೇ ಸರಿ."

ಇದನ್ನು ಸಿದ್ರಾ ಯೋಚಿಸಿರಲೇ ಇಲ್ಲ. ಜೇಬಿನಲ್ಲಿದ್ದದ್ದು ಅಕ್ಕಿಕಾಳಿನಷ್ಟೇ ಇದ್ದರೂ ಗುಂಡುಕಲ್ಲಿನಷ್ಟು ಭಾರವಾಯಿತು.

"ಆಪಾಗೆ ಫೋನ್ ಮಾಡಿ ಅಬ್ಬಾ," ಎಂದಳು. ದನಿ ಬಹಳ ಸಣ್ಣಗಿತ್ತು.

ವಿಡಿಯೋ ಕಾಲ್ ಹೋಯಿತು. ಸ್ಕ್ರೀನ್ ತುಂಬ ಆಪಾಳ ಮುಖ ಬಂತು. ಹಿಂದೆ ಗುರುತಿಲ್ಲದ ಅಡುಗೆಮನೆ, ಗುರುತಿಲ್ಲದ ಡಬ್ಬಗಳು.

"ದಿಲ್ಶಾದ್, ನಾಳೆ ಒಂದಿನ ಬಂದು ಹೋಗ್ತೀಯಾಮ್ಮ?" ಎಂದು ಅಬ್ಬಾ ಎಲ್ಲವನ್ನೂ ಹೇಳಿದರು.

ಸಿದ್ರಾ ಫೋನಿನ ಹತ್ತಿರಕ್ಕೆ ಸರಿದಳು.

"ನಾಳೆ ಆಗಲ್ಲ ಅಬ್ಬಾ. ನಾದಿನಿ ನೋಡೋಕೆ ಗಂಡಿನ ಕಡೆಯವ್ರು ಬರ್ತಿದಾರೆ. ಇಪ್ಪತ್ತು ಜನಕ್ಕೆ ಅಡುಗೆ." ಆಪಾ ಕೇಳಿದಳು. "ದೀಪ ನಿಂತು ಉರೀತಿದ್ಯಾ, ಮಿಣುಕ್ತಿದ್ಯಾ?"

"ಮಿಣುಕ್ತಿದೆ."

"ಹಂಗಾದ್ರೆ ಇಟ್ಟಿಗೆ ಚೆನ್ನಾಗೇ ಇದೆ. ಯಾರೂ ಎಬ್ಬಿಸಿಲ್ಲ ಅಷ್ಟೆ. ಸಿದ್ರಾ, ಹಿಂದಿನ ಬೋರ್ಡ್ ತೋರ್ಸು."

ಸಿದ್ರಾ ಫೋನ್ ಹಿಡಿದು ಬೋರ್ಡಿನ ಬಲಮೂಲೆ ತೋರಿಸಿದಳು.

"ಆ ಕಡೆ ಅಲ್ಲ ಕಣೇ. ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಹತ್ರ."

ಖಾಲಿ ಸಾಕೆಟ್. ಸುತ್ತ ಕೆರೆದ ಕೆಂಪು ಬಣ್ಣದ ಚೂರು. ಆಪಾ ಸ್ಕ್ರೀನಿಗೆ ಮುಖ ಹತ್ತಿರ ತಂದು ನೋಡಿದಳು. ಆಮೇಲೆ ಮಾಮೂಲಿ ದನಿಯಲ್ಲಿ, "ಅಬ್ಬಾ, ಹೋಗಿ ಚಾ ಕುಡ್ದು ಬನ್ನಿ. ನಾವಿಬ್ರು ನೋಡ್ತೀವಿ," ಎಂದಳು.

ಅಬ್ಬಾ ರಸ್ತೆ ದಾಟಿ ಟೀ ಅಂಗಡಿಗೆ ಹೋದರು.

"ಜೇಬಲ್ಲಿದ್ಯಾ?" ಎಂದಳು ಆಪಾ.

ಸಿದ್ರಾ ಹೌದೆಂದು ತಲೆಯಾಡಿಸಿದಳು. ಇಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಗೇ ಬಂದುಬಿಟ್ಟಿತು. ಅಂಗಡಿಯ ರೂಲು ಮರೆತು ಮನೆಮಾತಿನಲ್ಲೇ ಬಿಕ್ಕುತ್ತಾ ಕೇಳಿದಳು, ಜುಮಗಿ ಐದೇ ಯಾಕೆ, ಯಾರು ಹೇಳಿದ್ದು ಐದೇ ಎಂದು?

ಆಪಾ ಮೂಗು ಒರೆಸಿಕೊಂಡಳು.

"ಮೊದ್ಲು ಪ್ಲಗ್ ತೆಗಿ," ಎಂದಳು. "ದೀಪ ಪೂರ್ತಿ ಆರ್ಲಿ. ಈಗ ಕಾಳಿನ ಎರಡು ಕಾಲೂ ನೇರ ಮಾಡು. ಚಿಮಟದಲ್ಲಿ ಹಿಡ್ಕೋ. ಕೈ ನಡುಗಿಸ್ಬೇಡ. ನಡುಗಿದ್ರೆ ಏನ್ ಮಾಡ್ಬೇಕು, ಹೇಳ್ಕೊಟ್ಟಿದೀನಲ್ಲ?"

"ಮಣಿಕಟ್ಟು ಮೇಜಿನ ಮೇಲೆ ಊರ್ಬೇಕು."

"ಊರು."

ಎರಡು ಸಲ ಜಾರಿತು. ಮೂರನೇ ಸಲ ಕಾಳು ಸಾಕೆಟ್ಟಿನೊಳಗೆ ಸರಿಯಾಗಿ ಕುಳಿತಿತು. ಸಿದ್ರಾ ಪ್ಲಗ್ ಚುಚ್ಚಿ ಸ್ವಿಚ್ ಹಾಕಿದಳು.

ಇಟ್ಟಿಗೆ ಕೂಗಿತು! ಕುಯ್ಯೋ ಎಂದು ಅಂಗಡಿಯ ಗಾಜೆಲ್ಲ ನಡುಗುವಂತೆ ಕೂಗಿತು. ಹಸಿರು ದೀಪ ನಿಂತು ಉರಿಯಿತು. ಪರದೆಯ ಆಚೆಯಿಂದ ಅಮ್ಮಿ ಎಂದಿನಂತೆ ಏನೋ ಬೈದಳು, ಏನೆಂದು ಕೇಳಿಸಲಿಲ್ಲ. ಸಿದ್ರಾ ಸ್ವಿಚ್ ತೆಗೆಯಲು ಕೈ ಚಾಚಿದಳು.

ಸ್ಕ್ರೀನಿನಲ್ಲಿ ಆಪಾ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು.

ಸಿದ್ರಾ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಆಫ್ ಮಾಡ್ಬೇಡ," ಎಂದಳು ಆಪಾ. "ಇರ್ಲಿ ಸ್ವಲ್ಪ ಹೊತ್ತು. ಒಂದು ಗುಟ್ಟು ಹೇಳ್ಲಾ?"

"ಹೇಳು."

"ನಿನ್ನೆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬ್ಯಾಗಿಗೆ ಬಟ್ಟೆ ಇಟ್ಕೊಂಡ್ಬಿಟ್ಟಿದ್ದೆ ಕಣೇ. ನಿಂಗೆ ಅಂತ ಕಡ್ಲೆಬೀಜದ ಚಿಕ್ಕೀನೂ ತೆಗ್ದಿಟ್ಟಿದ್ದೆ. ಬುರ್ಖಾ ಹಾಕ್ಕೊಂಡ್ಮೇಲೆ ನೆನಪಾಯ್ತು, ಐದು ಆಗೋಯ್ತು ಅಂತ. ಯಾರಿಗೂ ಹೇಳಿಲ್ಲ. ಮೆಲ್ಲಗೆ ಬ್ಯಾಗ್ ಖಾಲಿ ಮಾಡ್ದೆ."

ಶುಕ್ರವಾರಗಳನ್ನು ಎಣಿಸಿದ್ದು ತಾನೊಬ್ಬಳೇ ಎಂದುಕೊಂಡಿದ್ದಳು ಸಿದ್ರಾ. ಬಿಟ್ಟುಹೋದವರಿಗೆ ಹೊಸ ಮನೆ, ಹೊಸ ಬಟ್ಟೆ, ಬಿಡುವೇ ಇಲ್ಲದಷ್ಟು ಜನ. ಕಾಯುವ ಕಷ್ಟವೆಲ್ಲ ಉಳಿದವರಿಗೆ ಎಂದುಕೊಂಡಿದ್ದಳು. ಮೆಟ್ಟಿಲ ಮೇಲೆ ತಾನು ಕುಳಿತಿದ್ದ ಅದೇ ಶುಕ್ರವಾರ ಚಿಂತಾಮಣಿಯಲ್ಲಿ ಆಪಾ ಬ್ಯಾಗಿನಿಂದ ಬಟ್ಟೆ ತೆಗೆದಿಡುತ್ತಿದ್ದಳು.

"ಇಲ್ಲಿ ಇಂಥ ಸದ್ದೇ ಇಲ್ಲ ಸಿದ್ರಾ," ಎಂದಳು ಆಪಾ.

ಅಬ್ಬಾ ರಸ್ತೆಯಲ್ಲೇ ಕೂಗು ಕೇಳಿಸಿಕೊಂಡು ಓಡಿ ಬಂದರು. ಮುಖವೆಲ್ಲ ನಗು.

"ಏನಾಗಿತ್ತು?" ಎಂದು ಗಟ್ಟಿಯಾಗಿ ಕೇಳಿದರು.

ಫೋನಿನಲ್ಲಿ ಆಪಾ, ಕಾಳು ಆಪಾನೇ ಲೂಸ್ ಬಿಟ್ಟಿದ್ಲು ಅಂತ ಹೇಳು, ಹೇಳು ಎನ್ನುತ್ತಿದ್ದಳು. ಸಿದ್ರಾ ಫೋನ್ ಕೆಳಗಿಳಿಸಿದಳು.

"ಕಾಳು ನಾನೇ ಕಿತ್ತಿದ್ದೆ ಅಬ್ಬಾ. ಆಪಾ ಬರ್ಲಿ ಅಂತ."

ಅಬ್ಬಾ ಅವಳನ್ನು ನೋಡಿದರು, ಇಟ್ಟಿಗೆಯನ್ನು ನೋಡಿದರು. ಸಿದ್ರಾ ಬೈಗುಳಕ್ಕೆ ಕಾದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಅಂದ್ರೆ ನನ್ನ ರಿಪೇರಿ ಸರಿಯಾಗೇ ಇತ್ತು," ಎಂದರು. "ಕಣ್ಣು ಹೋಗಿಲ್ಲ." ಆಮೇಲೆ ಅವಳ ತಲೆಗೆ ಒಂದು ಸಣ್ಣ ಮೊಟಕು ಬಿತ್ತು. ನೋವಾಗಲಿಲ್ಲ.

ಹೊರಗೆ ಬೈಕ್ ಬಂದು ನಿಂತಿತು. ಅಂಜನ್ ಅಣ್ಣ ಒಂದು ಗಂಟೆ ಮುಂಚೆಯೇ ಬಂದುಬಿಟ್ಟಿದ್ದ. "ಓಹೋ, ಕೂಗ್ತಿದೆ! ಕೊಡಿ ಭಾಯ್, ಹೊರಡ್ತೀನಿ," ಎಂದ. ಅಬ್ಬಾ ಸ್ವಿಚ್ಚಿನ ಕಡೆ ಕೈ ಚಾಚಿದರು.

ಸಿದ್ರಾ ಆ ಕೈ ಹಿಡಿದುಕೊಂಡಳು.

"ಇರ್ಲಿ ಅಬ್ಬಾ. ಆಪಾ ಕೇಳಿಸ್ಕೊಳ್ತಿದಾಳೆ."

ಅಬ್ಬಾ ಫೋನಿನ ಕಡೆ ನೋಡಿದರು. ಸ್ಕ್ರೀನಿನಲ್ಲಿ ದಿಲ್ಶಾದ್ ಗುರುತಿಲ್ಲದ ಆ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಅವರು ಕೈ ಹಿಂದೆ ತೆಗೆದುಕೊಂಡರು. ಅಂಜನ್ ಅಣ್ಣನಿಗೆ ಸ್ಟೂಲ್ ತೋರಿಸಿ, "ಟೆಸ್ಟಿಂಗ್ ನಡೀತಿದೆ, ಕೂತ್ಕೊಳಪ್ಪ. ಚಾ ತರಿಸ್ತೀನಿ," ಎಂದರು.

ಸಿದ್ರಾ ಫೋನನ್ನು ಫ್ಯಾನಿನ ಹತ್ತಿರಕ್ಕೆ, ಇನ್ನೂ ಸ್ವಲ್ಪ ಹತ್ತಿರಕ್ಕೆ ಸರಿಸಿದಳು.