ನಿಲ್ಲಿಸಿದ ಥ್ರೆಡ್ ಕೊಟ್ಟ ಅಂಕಿ

ಶವಾಗಾರದ ಪ್ರೋಗ್ರಾಂ ಬರೆದವನು ನಾನೇ. ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಅದರ ಒಂದು ಭಾಗ, ಅಂದರೆ ಥ್ರೆಡ್, ಹೆಣವಿಡುವ ಶೀತಪೆಟ್ಟಿಗೆಗಳ ತಾಪಮಾನ ಓದಿ ಕೊಡುತ್ತದೆ. ಪಕ್ಕದ ಕೋಣೆಯ ಕಂಪ್ಯೂಟರ್ ಪರದೆ ಅದನ್ನಷ್ಟೇ ತೋರಿಸುತ್ತದೆ.

ಅಂದು ಮಧ್ಯಾಹ್ನ, ಬೆಳಿಗ್ಗೆ ತಂದಿದ್ದ ಹೆಂಗಸಿನ ಹೆಣದ ಪೆಟ್ಟಿಗೆ ಮೂವತ್ತೇಳು ಡಿಗ್ರಿ ತೋರಿಸಿತು, ಬದುಕಿರುವವರ ಮೈಬಿಸಿಯಷ್ಟು. ತಾಪಮಾನ ಅಳೆಯುವ ತಂತಿ ಕೆಟ್ಟಿರಬೇಕೆಂದು ಕಿತ್ತೆ. ಥ್ರೆಡ್ಡನ್ನೂ ನಿಲ್ಲಿಸಿದೆ. ಇನ್ನು ಪರದೆಗೆ ಅಂಕಿ ಕೊಡುವವರು ಯಾರೂ ಇರಲಿಲ್ಲ. ಆದರೂ ಅದು ಮೂವತ್ತೆಂಟಾಯಿತು.

ಕಾವಲುಗಾರನನ್ನು ಕರೆದು ಪೆಟ್ಟಿಗೆ ಎಳೆಸಿದೆ. ಅವನು ಹೆಣದ ಹಣೆ ಮುಟ್ಟಿ, "ಮಂಜುಗಡ್ಡೆ ಇದ್ದ ಹಾಗಿದೆ ಸಾರ್. ನೀವು ಸುಮ್ನೆ ಹೆದರ್ಕೋತೀರ," ಎಂದ. ನಾನೂ ಮುಟ್ಟಿದೆ. ನಿಜ.

ಅಷ್ಟರಲ್ಲಿ ಅವಳ ತಮ್ಮ ಹೆಣ ಒಯ್ಯಲು ಬಂದ. ಹಣೆ ಸವರಿದವನೇ ಬೆಚ್ಚಿ ಕೈ ಹಿಂತೆಗೆದ.

"ಅಯ್ಯೋ, ಅಕ್ಕನಿಗೆ ಜ್ವರ ಏರ್ತಾ ಇದೆಯಲ್ಲ!"

ಪಕ್ಕದ ಕೋಣೆಗೆ ಓಡಿದೆ. ಪರದೆಯಲ್ಲಿ ಮೂವತ್ತೊಂಬತ್ತು ಇತ್ತು. ಆ ಕೋಣೆಗೆ ಅವಳ ತಮ್ಮ ಕಾಲಿಟ್ಟೇ ಇರಲಿಲ್ಲ.